ಆಟಕ್ಕುಂಟು, ಇನ್ನು ಲೆಕ್ಕಕ್ಕೂ ಉಂಟು

ಅಮೆರಿಕದಲ್ಲಿ ಯಾವ ಹಾಡು ಗೆದ್ದಿತು, ಯಾವುದು ಸೋತಿತು ಎಂದು ವಾರಕ್ಕೊಮ್ಮೆ ತೀರ್ಪು ಕೊಡುವ ಪತ್ರಿಕೆಯೊಂದಿದೆ. ಹೆಸರು ‘ಬಿಲ್‌ಬೋರ್ಡ್’. 1894ರಲ್ಲಿ ಭಿತ್ತಿಪತ್ರ ಅಂಟಿಸುವವರ ವೃತ್ತಿಪತ್ರಿಕೆಯಾಗಿ ಹುಟ್ಟಿದ ಇದು ಸರ್ಕಸ್ಸು, ಜಾತ್ರೆಗಳ ಸುದ್ದಿಯನ್ನೆಲ್ಲ ದಾಟಿ ಬಂದು ಕೊನೆಗೆ ಸಂಗೀತ ವ್ಯಾಪಾರದ ಪಂಚಾಂಗವೇ ಆಗಿಬಿಟ್ಟಿತು. ಅದರ ಪಟ್ಟಿಯಲ್ಲಿ ಮೇಲಿದ್ದ ಧ್ವನಿಮುದ್ರಿಕೆಗೆ ಅಂಗಡಿಯಲ್ಲಿ ಎದುರಿಗೆ ಕಾಣುವ ಜಾಗ, ರೇಡಿಯೊದಲ್ಲಿ ಒಳ್ಳೆಯ ಹೊತ್ತು, ಗಾಯಕನಿಗೆ ಮುಂದಿನ ಕರಾರು. ಕೆಳಗಿದ್ದವನಿಗೆ ಇವು ಯಾವುವೂ ಇಲ್ಲ.

ಇಷ್ಟೊಂದು ಅಧಿಕಾರವುಳ್ಳ ಪಟ್ಟಿ 1991ರ ಮೇ ತಿಂಗಳವರೆಗೆ ತಯಾರಾಗುತ್ತಿದ್ದ ಬಗೆ ಮಾತ್ರ ಸೋಜಿಗದ್ದು. ಪತ್ರಿಕೆಯವರು ವಾರವಾರವೂ ಆಯ್ದ ಅಂಗಡಿಗಳಿಗೆ ಫೋನ್ ಮಾಡುತ್ತಿದ್ದರು. ಅತ್ತ ಕಡೆ ಫೋನ್ ಎತ್ತಿದ ಮ್ಯಾನೇಜರೋ ಗುಮಾಸ್ತನೋ ‘ಇದು ಚೆನ್ನಾಗಿ ಹೋಯಿತು, ಇದು ಪರವಾಗಿಲ್ಲ’ ಎಂದು ನೆನಪಿನಿಂದ ಹೇಳುತ್ತಿದ್ದ. ಎಷ್ಟು ಪ್ರತಿ ಮಾರಿದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಅನುಕ್ರಮ ಸಿಕ್ಕರೆ ಸಾಕಿತ್ತು. ಗುಮಾಸ್ತ ಹೆಚ್ಚಾಗಿ ನಗರದ ಯುವಕ. ಅವನ ಕಿವಿ ರಾಕ್ ಸಂಗೀತದ ಕಡೆಗೆ. ಸಂಗೀತ ಕಂಪೆನಿಯ ಪ್ರತಿನಿಧಿ ಆಗಾಗ ಬಂದು ಒಂದು ಕಚೇರಿಯ ಟಿಕೆಟ್ಟನ್ನೋ ಹತ್ತಾರು ಬಿಟ್ಟಿ ಪ್ರತಿಗಳನ್ನೋ ಕೊಟ್ಟು ಹೋಗುವುದೂ ಇತ್ತು. ಅವನ ನೆನಪು ಯಾವ ಕಡೆಗೆ ವಾಲುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕದಲ್ಲಿ ಹೆಚ್ಚು ನಷ್ಟವಾದದ್ದು ‘ಕಂಟ್ರಿ’ ಸಂಗೀತಕ್ಕೆ. ಅದರ ಕೇಳುಗರು ಬಹುಮಟ್ಟಿಗೆ ಸಣ್ಣ ಊರಿನವರು, ಹೊಲಗದ್ದೆಯವರು, ಲಾರಿ ಓಡಿಸುವವರು, ಕಾರ್ಖಾನೆಯ ಕಾರ್ಮಿಕರು, ಮನೆವಾಳ್ತೆಯ ಹೆಂಗಸರು. ಅವರು ಸಂಗೀತದ ಅಂಗಡಿ ಹುಡುಕಿಕೊಂಡು ಹೋಗುವವರಲ್ಲ. ಸೋಪು, ಸಕ್ಕರೆ, ಮಕ್ಕಳ ಚೆಡ್ಡಿ ಕೊಳ್ಳಲು ವಾಲ್‌ಮಾರ್ಟ್, ಕೆಮಾರ್ಟ್‌ನಂಥ ದೊಡ್ಡ ಮಳಿಗೆಗೆ ಹೋದಾಗ ಅಲ್ಲೇ ಒಂದು ಕ್ಯಾಸೆಟ್ಟನ್ನೂ ಬುಟ್ಟಿಗೆ ಹಾಕಿಕೊಳ್ಳುವವರು. ಪತ್ರಿಕೆಯ ಫೋನು ಅಂಥ ಮಳಿಗೆಗಳಿಗೆ ಹೋಗುತ್ತಿದ್ದುದೇ ಅಪರೂಪ. ಮಕ್ಕಳ ಆಟದಲ್ಲಿ ತೀರ ಚಿಕ್ಕವರನ್ನು ಸೇರಿಸಿಕೊಂಡು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುವುದುಂಟಲ್ಲ, ಅಮೆರಿಕದ ಸಂಗೀತ ಮಾರುಕಟ್ಟೆಯಲ್ಲಿ ಈ ಜನರ ಸ್ಥಾನ ಅದೇ ಆಗಿತ್ತು. ಹಣ ಕೊಟ್ಟು ಕೊಳ್ಳಲು ಅವರು ಬೇಕು. ದೇಶದ ಅಭಿರುಚಿ ಏನೆಂದು ಹೇಳುವಾಗ ಬೇಡ.

ಕಂಟ್ರಿ ಎಂಬ ಮಾತಿಗೆ ಇಲ್ಲಿ ದೇಶ ಎಂಬ ಅರ್ಥವಿಲ್ಲ. ಹಳ್ಳಿಗಾಡು ಎಂದರೆ ಹತ್ತಿರವಾದೀತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಅಪಲೇಚಿಯನ್ ಬೆಟ್ಟಸಾಲಿನ ಹಟ್ಟಿಗಳಲ್ಲಿ ಬೆಳೆದ ಸಂಗೀತ ಇದು. ಬ್ರಿಟನ್ನಿನಿಂದ ವಲಸೆ ಬಂದವರು ತಂದ ಕಥನಗೀತೆಗಳು ಮತ್ತು ಪಿಟೀಲು, ಆಫ್ರಿಕದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿ ಉಳಿದಿದ್ದ ಬ್ಯಾಂಜೊ, ಚರ್ಚಿನ ಸ್ತೋತ್ರ, ಹವಾಯಿ ದ್ವೀಪದ ಜಾರುಗಿಟಾರು ಎಲ್ಲವೂ ಇದರಲ್ಲಿ ಬೆರೆತಿವೆ. ವಸ್ತುವಾದರೂ ಜನಸಾಮಾನ್ಯರದೇ: ಸಾಲ, ಕುಡಿತ, ಬಿಟ್ಟುಹೋದ ಹೆಂಡತಿ, ತೀರಿಕೊಂಡ ತಾಯಿ, ರೈಲು, ದೇವರು. ಭಾರತದಲ್ಲಿ ಇಂಗ್ಲಿಷ್ ಹಾಡು ಕೇಳುತ್ತಿದ್ದ ಹಳೆಯ ತಲೆಮಾರಿಗೆ ಇದು ತೀರ ಅಪರಿಚಿತವೂ ಅಲ್ಲ. ಬೆಂಗಳೂರಿನ ದಂಡು ಪ್ರದೇಶದ, ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಜಿಮ್ ರೀವ್ಸ್‌ನ ಮೆದುದನಿ ಮನೆಮಾತಾಗಿತ್ತು. ಆತ ಈ ಪರಂಪರೆಯವನೇ.

ಈ ಸಂಗೀತವನ್ನು ಮಾರುಕಟ್ಟೆಗೆ ತಂದವರು ಮೊದಲ ದಿನದಿಂದಲೇ ಅದಕ್ಕೆ ಪ್ರತ್ಯೇಕ ಗೂಡು ಕಟ್ಟಿದರು. 1920ರ ದಶಕದಲ್ಲಿ ಧ್ವನಿಮುದ್ರಣ ಕಂಪೆನಿಗಳು ದಕ್ಷಿಣದ ಹಾಡುಗಳಿಗೆ ಎರಡು ಸೂಚಿಪತ್ರ ಅಚ್ಚು ಹಾಕಿಸುತ್ತಿದ್ದವು. ಕಪ್ಪು ಜನರ ಹಾಡುಗಳಿಗೆ ‘ರೇಸ್ ರೆಕಾರ್ಡ್ಸ್’, ಬಡ ಬಿಳಿಯರ ಹಾಡುಗಳಿಗೆ ‘ಹಿಲ್‌ಬಿಲ್ಲಿ’, ಎಂದರೆ ಗುಡ್ಡಗಾಡಿನ ಮುಕ್ಕರದು. ಒಂದೇ ಬೀದಿಯಲ್ಲಿ ಬೆಳೆದ, ಒಬ್ಬರಿಂದೊಬ್ಬರು ಕಲಿತ ಹಾಡುಗಾರರನ್ನು ಈ ಸೂಚಿಪತ್ರಗಳು ಬೇರೆ ಮಾಡಿದವು. 1927ರ ಬೇಸಿಗೆಯಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ರಾಲ್ಫ್ ಪಿಯರ್ ಮುದ್ರಿಸಿಕೊಂಡ ಕಾರ್ಟರ್ ಕುಟುಂಬಕ್ಕೆ ಹಾಡುಗಳನ್ನು ಸಂಗ್ರಹಿಸಿ ಕೊಡುವುದರಲ್ಲಿ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರುಗಾರನ ಪಾಲು ದೊಡ್ಡದು. ಅದೇ ಬ್ರಿಸ್ಟಲ್‌ನಲ್ಲಿ ಮೊದಲು ಹಾಡಿದ, ರೈಲ್ವೆಯಲ್ಲಿ ದುಡಿದಿದ್ದ ಜಿಮ್ಮಿ ರಾಜರ್ಸ್ 1930ರಲ್ಲಿ ಮುದ್ರಿಸಿದ ಹಾಡೊಂದಕ್ಕೆ ತುತ್ತೂರಿ ಊದಿದವನು ಜಾಸ್‌ನ ಲೂಯಿ ಆರ್ಮ್‌ಸ್ಟ್ರಾಂಗ್. ತಟ್ಟೆಯ ಮೇಲೆ ಆರ್ಮ್‌ಸ್ಟ್ರಾಂಗ್‌ನ ಹೆಸರು ಅಚ್ಚಾಗಲಿಲ್ಲ.

ಬಿಲ್‌ಬೋರ್ಡ್ ಈ ಹಾಡುಗಳಿಗೆಂದು ಮೊದಲ ಪಟ್ಟಿ ಹೊರಡಿಸಿದ್ದು 1944ರ ಜನವರಿಯಲ್ಲಿ. ಆಗ ಲೆಕ್ಕಕ್ಕೆ ಬಂದದ್ದು ಹೋಟೆಲು, ಹೆಂಡದಂಗಡಿಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರ. 1949ರಲ್ಲಿ ಪಟ್ಟಿಗೆ ‘ಕಂಟ್ರಿ ಆ್ಯಂಡ್ ವೆಸ್ಟರ್ನ್’ ಎಂಬ ಮರ್ಯಾದೆಯ ಹೆಸರು ಬಂತು. ಮರ್ಯಾದೆ ಬಂದರೂ ಗೂಡು ಗೂಡೇ. ಎಲ್ಲ ಬಗೆಯ ಸಂಗೀತವೂ ಸೇರಿದ ಮುಖ್ಯ ಪಟ್ಟಿಯ ತುದಿಗೆ ಈ ಕಡೆಯವರು ಏರಿದ್ದು ಬೆರಳೆಣಿಕೆಯಷ್ಟು ಸಲ. 1969ರಲ್ಲಿ ಜೈಲಿನಲ್ಲಿ ಹಾಡಿ ಮುದ್ರಿಸಿದ ಆಲ್ಬಂನಿಂದ ಜಾನಿ ಕ್ಯಾಶ್, 1980ರಲ್ಲಿ ಕೆನಿ ರಾಜರ್ಸ್, ಹೀಗೆ.

ಇದನ್ನು ಬದಲಾಯಿಸಿದ್ದು ಯಾವ ಗಾಯಕನೂ ಅಲ್ಲ, ಕಿರಾಣಿ ಅಂಗಡಿಯ ಉಪಕರಣವೊಂದು. ಸಾಮಾನಿನ ಪೊಟ್ಟಣದ ಮೇಲೆ ಕಪ್ಪು ಗೆರೆಗಳ ಗುರುತು ಇರುತ್ತದಲ್ಲ, ಆ ಬಾರ್‌ಕೋಡ್ ಮೊದಲ ಬಾರಿಗೆ ಅಂಗಡಿಯಲ್ಲಿ ಉಪಯೋಗಕ್ಕೆ ಬಂದದ್ದು 1974ರ ಜೂನ್ 26ರಂದು, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಅಂದು ಮಾರಾಟವಾದ ಮೊದಲ ಸಾಮಾನು ಒಂದು ಕಟ್ಟು ಚೂಯಿಂಗ್ ಗಮ್. 1980ರ ದಶಕ ಮುಗಿಯುವ ಹೊತ್ತಿಗೆ ಕ್ಯಾಸೆಟ್ಟು, ಸಿ.ಡಿ.ಗಳ ಬೆನ್ನಿಗೂ ಈ ಗೆರೆಗಳು ಬಂದಿದ್ದವು. ಮಾರಾಟದ ಗಲ್ಲಾದಲ್ಲಿ ಹೇಗೂ ದಾಖಲಾಗುವ ಈ ಅಂಕಿಗಳನ್ನೇ ದೇಶದಾದ್ಯಂತ ಒಟ್ಟುಗೂಡಿಸಿದರೆ ಫೋನ್ ಮಾಡುವ ಗೊಡವೆಯೇ ಇರುವುದಿಲ್ಲ ಎಂದು ಮೈಕ್ ಶಾಲೆಟ್ ಮತ್ತು ಮೈಕ್ ಫೈನ್ ಎಂಬಿಬ್ಬರು ಲೆಕ್ಕ ಹಾಕಿದರು. ಅವರು ಕಟ್ಟಿದ ಸಂಸ್ಥೆ ‘ಸೌಂಡ್‌ಸ್ಕ್ಯಾನ್’. 1991ರ ಮೇ 25ರ ಸಂಚಿಕೆಯಿಂದ ಬಿಲ್‌ಬೋರ್ಡಿನ ಆಲ್ಬಂ ಪಟ್ಟಿ ಈ ಅಂಕಿಗಳ ಮೇಲೆ ನಿಂತಿತು.

ಆ ವಾರ ಪಟ್ಟಿ ಕೈಗೆ ಬಂದಾಗ ಸಂಗೀತ ಕಂಪೆನಿಗಳ ದೊಡ್ಡವರು ಕಣ್ಣುಜ್ಜಿಕೊಂಡರು. ಮೇಲಿದ್ದ ಹಲವು ರಾಕ್ ಆಲ್ಬಂಗಳು ಕುಸಿದಿದ್ದವು. ಎಲ್ಲೋ ತಳದಲ್ಲಿದ್ದ ಕಂಟ್ರಿ ಆಲ್ಬಂಗಳು ಒಂದೇ ನೆಗೆತಕ್ಕೆ ಹತ್ತಾರು ಮೆಟ್ಟಿಲು ಏರಿದ್ದವು. ಆ ಏಳು ದಿನಗಳಲ್ಲಿ ಜನರ ರುಚಿಯೇನೂ ಬದಲಾಗಿರಲಿಲ್ಲ. ಎಣಿಸುವ ರೀತಿ ಬದಲಾಗಿತ್ತು, ಅಷ್ಟೆ.

ಆದರೆ ಕಂಟ್ರಿ ಸಂಗೀತದ ಪಾಲಿಗೆ ಆ ವರ್ಷ ಶುರುವಾದದ್ದು ಇಂಥ ಸಂಭ್ರಮದಿಂದಲ್ಲ, ಹರಾಜಿನ ಕೂಗಿನಿಂದ. ಟೆಕ್ಸಾಸಿನ ವಿಲ್ಲಿ ನೆಲ್ಸನ್, ಎರಡು ಜಡೆಯ, ತಲೆಗೆ ಪಟ್ಟಿ ಕಟ್ಟಿದ ಹಿರಿಯ ಹಾಡುಗಾರ. ತೆರಿಗೆ ಉಳಿಸುವ ಯಾವುದೋ ಯೋಜನೆಯಲ್ಲಿ ಸಲಹೆಗಾರರು ಹೇಳಿದಂತೆ ಹಣ ತೊಡಗಿಸಿದ್ದ. ಆ ಯೋಜನೆಯನ್ನು ಸರ್ಕಾರ ಒಪ್ಪಲಿಲ್ಲ. ಬಡ್ಡಿ, ದಂಡ ಸೇರಿ ಬಾಕಿ 1 ಕೋಟಿ 67 ಲಕ್ಷ ಡಾಲರಿಗೆ ಏರಿತು. 1990ರ ನವೆಂಬರಿನಲ್ಲಿ ತೆರಿಗೆ ಇಲಾಖೆಯವರು ಬಂದು ಮನೆ, ಜಮೀನು, ಧ್ವನಿಮುದ್ರಣ ಶಾಲೆ ಎಲ್ಲಕ್ಕೂ ಬೀಗ ಜಡಿದರು. 1991ರ ಜನವರಿಯಿಂದ ಹರಾಜು. ‘ಟ್ರಿಗರ್’ ಎಂಬ ತೂತು ಬಿದ್ದ ಹಳೆಯ ಗಿಟಾರೊಂದನ್ನು ಮಾತ್ರ ನೆಲ್ಸನ್ ಅಧಿಕಾರಿಗಳ ಕೈಗೆ ಸಿಕ್ಕದಂತೆ ಸಾಗಿಸಿಬಿಟ್ಟಿದ್ದ. 1985ರಿಂದ ಸಾಲಗಾರ ರೈತರಿಗಾಗಿ ‘ಫಾರ್ಮ್ ಏಡ್’ ಕಚೇರಿಗಳನ್ನು ನಡೆಸಿದವರಲ್ಲಿ ಆತ ಪ್ರಮುಖ. ಈಗ ಅವನ ಆಸ್ತಿ ಹರಾಜಿಗೆ ಬಂದಾಗ ಗೆಳೆಯರೂ ಕೆಲವು ರೈತರೂ ಕೂಗಿ ಕೊಂಡು, ಅವನಿಗೆ ಹಿಂದಿರುಗಿಸಲೆಂದು ಕಾಪಾಡಿದರು.

ತೆರಿಗೆ ಇಲಾಖೆಯೂ ನೆಲ್ಸನ್ನನೂ ಕೂಡಿ ಹೊರಡಿಸಿದ ಆಲ್ಬಂ ಆ ವರ್ಷದ ಅತ್ಯಂತ ವಿಚಿತ್ರ ಬಿಡುಗಡೆ. ಒಂದು ಗಿಟಾರು, ಒಂದು ಕಂಠ, ಇಷ್ಟೇ. ಹೆಸರೇ ‘ದಿ ಐ.ಆರ್.ಎಸ್. ಟೇಪ್ಸ್’. ಇಲಾಖೆಯ ಹೆಸರನ್ನೇ ಶೀರ್ಷಿಕೆಯಲ್ಲಿ ಇಟ್ಟು, ಅಡಿಯಲ್ಲಿ ನನ್ನ ನೆನಪುಗಳನ್ನು ಕೊಳ್ಳುವವರು ಯಾರು ಎಂಬರ್ಥದ ಉಪಶೀರ್ಷಿಕೆ. ಅಂಗಡಿಯಲ್ಲಲ್ಲ, ಫೋನ್ ಮೂಲಕ ಮಾರಾಟ. ಬಂದ ಹಣ ಸಾಲಕ್ಕೆ ಜಮಾ. 1993ರಲ್ಲಿ ಲೆಕ್ಕ ಚುಕ್ತಾ ಆಯಿತು.

ಹರಾಜಿನ ಸುದ್ದಿ ಹಳತಾಗುವ ಮೊದಲೇ ಮಾರ್ಚ್ 16ರ ಸುದ್ದಿ ಬಂತು. ಓಕ್ಲಹಾಮದ ದನಗಾಹಿ ಮನೆತನದ ಗಾಯಕಿ ರೀಬಾ ಮೆಕೆಂಟೈರ್ ಸ್ಯಾನ್ ಡಿಯೆಗೊ ನಗರದಲ್ಲಿ ಕಚೇರಿ ಮುಗಿಸಿ ರಾತ್ರಿ ಅಲ್ಲೇ ತಂಗಿದ್ದಳು. ಆಕೆಯ ವಾದ್ಯವೃಂದದವರು ಎರಡು ವಿಮಾನಗಳಲ್ಲಿ ಮುಂದಿನ ಊರಿಗೆ ಹೊರಟರು. ಮೊದಲನೆಯದು ಕತ್ತಲಲ್ಲಿ ಮೇಲೇರುತ್ತಿದ್ದಂತೆಯೇ ಹತ್ತಿರದ ಓಟೆ ಬೆಟ್ಟಕ್ಕೆ ಬಡಿಯಿತು. ಏಳು ಮಂದಿ ವಾದ್ಯಗಾರರು ಮತ್ತು ಹಾಡುಗಾರರು, ಪ್ರವಾಸದ ವ್ಯವಸ್ಥಾಪಕ, ಇಬ್ಬರು ಚಾಲಕರು, ಒಟ್ಟು ಹತ್ತು ಜನ ಸತ್ತರು. ಎರಡನೆಯ ವಿಮಾನ ಸುರಕ್ಷಿತವಾಗಿ ಹೋಯಿತು. ಊರೂರು ಸುತ್ತಿ ಹಾಡುವುದೇ ಈ ಸಂಗೀತದ ಹೊಟ್ಟೆಪಾಡಾದ್ದರಿಂದ ಇಂಥ ಸಾವು ಅದಕ್ಕೆ ಹೊಸತಲ್ಲ. 1963ರಲ್ಲಿ ಪ್ಯಾಟ್ಸಿ ಕ್ಲೈನ್, 1964ರಲ್ಲಿ ಮೇಲೆ ಹೇಳಿದ ಜಿಮ್ ರೀವ್ಸ್ ಹೀಗೆಯೇ ಸಣ್ಣ ವಿಮಾನಗಳಲ್ಲಿ ಹೋದವರು. ರೀಬಾ ಒಂಬತ್ತೇ ದಿನಗಳ ನಂತರ ಆಸ್ಕರ್ ಸಮಾರಂಭದಲ್ಲಿ ಎದ್ದು ನಿಂತು ಹಾಡಿದಳು. ಅಕ್ಟೋಬರಿನಲ್ಲಿ ಬಂದ ಆಕೆಯ ‘ಫಾರ್ ಮೈ ಬ್ರೋಕನ್ ಹಾರ್ಟ್’ ಆಲ್ಬಂ ಸತ್ತವರಿಗೆ ಅರ್ಪಿತವಾಗಿತ್ತು. ಅದರ ಶೀರ್ಷಿಕೆ ಗೀತೆ ಕಂಟ್ರಿ ಪಟ್ಟಿಯ ತುದಿ ಮುಟ್ಟಿತು.

ಮೇ ತಿಂಗಳಿನಲ್ಲಿ, ಎಣಿಕೆಯ ಯಂತ್ರ ಬರುವ ಕೆಲವೇ ದಿನ ಮೊದಲು, ಒಂದು ಹಾಡಿನ ವಿಡಿಯೊ ಗಲಾಟೆ ಎಬ್ಬಿಸಿತು. ಗಾರ್ತ್ ಬ್ರೂಕ್ಸ್‌ನ ‘ದಿ ಥಂಡರ್ ರೋಲ್ಸ್’. ಮಳೆಯ ರಾತ್ರಿ, ಬೇರೆ ಹೆಣ್ಣಿನ ಸಹವಾಸ ಮುಗಿಸಿ ಮನೆಗೆ ಬರುವ ಗಂಡ, ಬಾಗಿಲಲ್ಲಿ ಕಾದು ನಿಂತ ಹೆಂಡತಿ. ಹಾಡಿನಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ವಿಡಿಯೊ ಮುಂದಕ್ಕೆ ಹೋಯಿತು. ಗಂಡ ಹೆಂಡತಿಯನ್ನು ಹೊಡೆಯುತ್ತಾನೆ, ಮಗಳ ಕಡೆ ತಿರುಗುತ್ತಾನೆ, ಹೆಂಡತಿ ಪಿಸ್ತೂಲು ಎತ್ತುತ್ತಾಳೆ. ಆ ಗಂಡನ ಪಾತ್ರವನ್ನು ಗಡ್ಡ, ಕನ್ನಡಕ, ಕೃತಕ ಕೂದಲು ಹಚ್ಚಿಕೊಂಡು ಗಾಯಕನೇ ಮಾಡಿದ್ದ. ತನ್ನನ್ನು ಮೆಚ್ಚುವವರು ತನ್ನನ್ನೇ ದ್ವೇಷಿಸುವಂತೆ ನಟಿಸುವುದು ಜನಪ್ರಿಯ ಗಾಯಕನಿಗೆ ಸುಲಭದ ನಿರ್ಧಾರವೇನಲ್ಲ.

ಕಂಟ್ರಿ ಸಂಗೀತಕ್ಕೆಂದೇ ಇದ್ದ ಎರಡು ಟಿ.ವಿ. ವಾಹಿನಿಗಳು ಈ ವಿಡಿಯೊವನ್ನು ನಿಲ್ಲಿಸಿದವು. ಕುಟುಂಬದವರೆಲ್ಲ ಕೂತು ನೋಡುವ ಕಾರ್ಯಕ್ರಮದಲ್ಲಿ ಇದು ಸಲ್ಲದು ಎಂಬುದು ಅವರ ವಾದ. ಕುಟುಂಬದೊಳಗೇ ನಡೆಯುವುದನ್ನು ಕುಟುಂಬದ ಮುಂದೆ ತೋರಿಸಬಾರದು ಎಂಬುದು ಅಮೆರಿಕಕ್ಕೆ ಮಾತ್ರ ಸೀಮಿತವಾದ ವಾದವಲ್ಲ. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದ ಹೆಂಗಸರ ಆಶ್ರಯಧಾಮಗಳು ಮಾತ್ರ ಅದರ ಪ್ರತಿ ಕಳಿಸಿಕೊಡಿ ಎಂದು ಕೇಳಿದವು. ನಿಷೇಧದಿಂದ ಹಾಡಿಗೆ ನಷ್ಟವಾಗಲಿಲ್ಲ. ಜೂನ್‌ನಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಅಕ್ಟೋಬರಿನಲ್ಲಿ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಅದಕ್ಕೇ ವರ್ಷದ ವಿಡಿಯೊ ಪ್ರಶಸ್ತಿ ಕೊಟ್ಟಿತು.

ಈ ಬ್ರೂಕ್ಸ್ ಹಳ್ಳಿಯ ಮುಗ್ಧನೇನೂ ಅಲ್ಲ. ಓಕ್ಲಹಾಮದಲ್ಲಿ ಬೆಳೆದು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಜಾಹೀರಾತು ವಿಷಯದ ಪದವಿ ಪಡೆದವನು. 1985ರಲ್ಲಿ ಅದೃಷ್ಟ ಹುಡುಕಿ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ಗೆ, ಕಂಟ್ರಿ ಸಂಗೀತದ ರಾಜಧಾನಿಗೆ, ಹೋದ. ಅಲ್ಲಿನ ಪರಿಸ್ಥಿತಿ ನೋಡಿ ಒಂದೇ ದಿನದಲ್ಲಿ ಊರಿಗೆ ವಾಪಸು. 1987ರಲ್ಲಿ ಮತ್ತೆ ಹೋದವನು 1989ರಲ್ಲಿ ಮೊದಲ ಆಲ್ಬಂ ತಂದ. ಜಾರ್ಜ್ ಜೋನ್ಸ್, ಜಾರ್ಜ್ ಸ್ಟ್ರೇಟ್‌ರಂಥ ಕಂಟ್ರಿ ಗಾಯಕರನ್ನು ಕೇಳಿದಷ್ಟೇ ಶ್ರದ್ಧೆಯಿಂದ, ಮುಖಕ್ಕೆ ಬಣ್ಣ ಬಳಿದು ಬೆಂಕಿ ಉಗುಳುವ ‘ಕಿಸ್’ ಎಂಬ ರಾಕ್ ತಂಡವನ್ನೂ ನೋಡಿ ಬೆಳೆದವನು. ಕಚೇರಿಯಲ್ಲಿ ಹಗ್ಗ ಹಿಡಿದು ಜನರ ತಲೆಯ ಮೇಲೆ ತೇಲುತ್ತಿದ್ದ, ಗಿಟಾರು ಒಡೆಯುತ್ತಿದ್ದ. ಸ್ಟೂಲಿನ ಮೇಲೆ ಕುಳಿತು ಹಾಡುತ್ತಿದ್ದ ಹಿರಿಯರಿಗೆ ಇದು ದೊಂಬರಾಟವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಅವನ ಮೂರನೆಯ ಆಲ್ಬಂ ‘ರೋಪಿನ್ ದ ವಿಂಡ್’ ಬಿಡುಗಡೆಯಾದದ್ದು 1991ರ ಸೆಪ್ಟೆಂಬರಿನಲ್ಲಿ. ಹಳೆಯ ಪದ್ಧತಿಯಲ್ಲಾದರೆ ಅದು ಕಂಟ್ರಿ ಗೂಡಿನಲ್ಲಿ ಮೊದಲ ಸ್ಥಾನ, ಮುಖ್ಯ ಪಟ್ಟಿಯಲ್ಲಿ ವಾರ ವಾರಕ್ಕೆ ನಿಧಾನವಾಗಿ ಏರಿಕೆ ಎಂದಾಗಬೇಕಿತ್ತು. ಯಂತ್ರ ಅಂಥ ಶಿಷ್ಟಾಚಾರ ಕಲಿತಿರಲಿಲ್ಲ. ಸೆಪ್ಟೆಂಬರ್ 28ರ ಮುಖ್ಯ ಪಟ್ಟಿಯಲ್ಲಿ ಆಲ್ಬಂ ಮೊದಲ ವಾರವೇ ಮೊದಲ ಸ್ಥಾನದಲ್ಲಿ ಪ್ರತ್ಯಕ್ಷವಾಯಿತು. ಕಂಟ್ರಿ ಆಲ್ಬಂ ಒಂದಕ್ಕೆ ಇದು ಹಿಂದೆಂದೂ ಆಗಿರಲಿಲ್ಲ. ನಾಲ್ಕು ವಾರಗಳಿಂದ ಆ ಜಾಗದಲ್ಲಿದ್ದ ಮೆಟಾಲಿಕಾ ಕೆಳಗಿಳಿಯಿತು. ಮುಂದಿನ ವಾರ ಗನ್ಸ್ ಎನ್ ರೋಸಸ್ ತಂಡ ಎರಡೆರಡು ಆಲ್ಬಂಗಳೊಂದಿಗೆ ಬಂದು ಬ್ರೂಕ್ಸ್‌ನನ್ನು ಕೆಳಗಿಳಿಸಿತು. ಹದಿನೈದೇ ದಿನದಲ್ಲಿ ಆತ ಮತ್ತೆ ಮೇಲೆ. ಆಮೇಲೆ ಮೈಕೆಲ್ ಜಾಕ್ಸನ್ ಬಂದ, ನಿರ್ವಾಣ ಎಂಬ ಹೊಸ ತಂಡ ಬಂತು. 1992ರ ಜನವರಿಯಲ್ಲಿ ನಿರ್ವಾಣವನ್ನು ಒಂದೇ ವಾರಕ್ಕೆ ಇಳಿಸಿದವನೂ ಇವನೇ. ಒಟ್ಟು 18 ವಾರ ಆ ಆಲ್ಬಂ ಮೊದಲ ಸ್ಥಾನದಲ್ಲಿತ್ತು. ಆ ಚಳಿಗಾಲದ ಇತಿಹಾಸ ಬರೆಯುವವರು ಹೆಚ್ಚಾಗಿ ನಿರ್ವಾಣದ ಬಗ್ಗೆಯೇ ಬರೆಯುತ್ತಾರೆ. ಪುಸ್ತಕ ಬರೆಯುವವರ ನೆನಪೂ ಹಳೆಯ ಗುಮಾಸ್ತನ ನೆನಪಿಗಿಂತ ಬಹಳ ಬೇರೆಯಲ್ಲವೇನೋ.

ಬ್ರೂಕ್ಸ್ ಒಬ್ಬನೇ ಅಲ್ಲ. ಕಂಟ್ರಿ ವಾಹಿನಿಯೊಂದರ ಕಚೇರಿಯಲ್ಲಿ ಒಮ್ಮೆ ಟಪಾಲು ವಿಂಗಡಿಸುತ್ತಿದ್ದ ಅಲನ್ ಜಾಕ್ಸನ್‌ನ ‘ಡೋಂಟ್ ರಾಕ್ ದ ಜೂಕ್‌ಬಾಕ್ಸ್’, ಹೊಸಬಳಾದ ಟ್ರಿಶಾ ಇಯರ್‌ವುಡ್‌ಳ ಮೊದಲ ಹಾಡು, ಬ್ರೂಕ್ಸ್ ಆ್ಯಂಡ್ ಡನ್ ಎಂಬ ಜೋಡಿಯ ಮೊದಲ ಆಲ್ಬಂ, ಎಲ್ಲವೂ ಆ ಬೇಸಿಗೆಯ ಬೆಳೆ.

ಈ ಏರಿಕೆಯ ವಾರಗಳಲ್ಲೇ ನಡೆದ ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಡಾಟಿ ವೆಸ್ಟ್ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ಕಂಟ್ರಿ ಗಾಯಕಿ. 1990ರಲ್ಲಿ ದಿವಾಳಿಯಾದಳು. 1991ರಲ್ಲಿ ಆಕೆಯ ವಸ್ತುಗಳೂ ತೆರಿಗೆ ಬಾಕಿಗೆ ಹರಾಜಾದವು. ನೆಲ್ಸನ್‌ಗೆ ಸಿಕ್ಕಂಥ ಕೊಳ್ಳುವ ಗೆಳೆಯರ ಪಡೆ ಆಕೆಗೆ ಸಿಗಲಿಲ್ಲ. ಆಗಸ್ಟ್ 30ರ ಸಂಜೆ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ಯಲ್ಲಿ, 1925ರಿಂದ ನಡೆದುಬಂದಿರುವ ಪ್ರಸಿದ್ಧ ರೇಡಿಯೊ ಕಚೇರಿಯಲ್ಲಿ, ಹಾಡಬೇಕಿತ್ತು. ದಾರಿಯಲ್ಲಿ ಕಾರು ಕೆಟ್ಟಿತು. ತಡವಾಗುತ್ತದೆಂದು ನೆರೆಯ ವೃದ್ಧರೊಬ್ಬರ ಕಾರು ಹತ್ತಿದಳು. ಬೇಗ ಹೋಗುವ ಅವಸರದಲ್ಲಿ ಆ ಕಾರು ತಿರುವಿನಲ್ಲಿ ರಸ್ತೆ ಬಿಟ್ಟು ಹಾರಿತು. ಸೆಪ್ಟೆಂಬರ್ 4ರಂದು ಡಾಟಿ ವೆಸ್ಟ್ ತೀರಿಕೊಂಡಾಗ ವಯಸ್ಸು 58. ಒಂದು ಶನಿವಾರದ, ಶುಕ್ರವಾರದ ಸಂಭಾವನೆಯ ಮೇಲೆ ಬದುಕುವ ಹಿರಿಯರು ಆ ಊರಿನಲ್ಲಿ ಇನ್ನೂ ಎಷ್ಟೋ ಮಂದಿ ಇದ್ದರು. ಯಾವ ಯಂತ್ರ ಎಣಿಸಿದರೂ ಅವರ ಹೊಸ ಕ್ಯಾಸೆಟ್ಟುಗಳ ಸಂಖ್ಯೆ ಏರುವಂತಿರಲಿಲ್ಲ, ಏಕೆಂದರೆ ಹೊಸ ಕ್ಯಾಸೆಟ್ಟುಗಳೇ ಬರುತ್ತಿರಲಿಲ್ಲ.

ಅಕ್ಟೋಬರ್ 2ರ ಪ್ರಶಸ್ತಿ ಸಮಾರಂಭಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಸ್ವತಃ ಬಂದು ಕೂತಿದ್ದರು. ಬ್ರೂಕ್ಸ್ ನಾಲ್ಕು ಪ್ರಶಸ್ತಿ ಪಡೆದ. ತನಗೆ ದಾರಿ ತೋರಿದ ಇಬ್ಬರು ಜಾರ್ಜ್‌ಗಳಿಗೆ, ಎಂದರೆ ಜೋನ್ಸ್ ಮತ್ತು ಸ್ಟ್ರೇಟ್‌ಗೆ, ಕೃತಜ್ಞತೆ ಹೇಳಿ, ಎದುರಿಗಿದ್ದ ಮೂರನೆಯ ಜಾರ್ಜ್ ತಪ್ಪು ತಿಳಿಯಬಾರದೆಂದು ಕೇಳಿಕೊಂಡು ಸಭೆಯನ್ನು ನಗಿಸಿದ. ಅಕ್ಟೋಬರ್ 17ರಂದು ಟೆನೆಸ್ಸಿ ಅರ್ನಿ ಫೋರ್ಡ್ ನಿಧನರಾದರು. ಗಣಿ ಕಾರ್ಮಿಕ ಕಂಪೆನಿಯ ಅಂಗಡಿಯಲ್ಲೇ ಸಾಲ ಮಾಡಿ ಆ ಸಾಲದಲ್ಲೇ ಸಾಯುವ ಕಥೆಯ ‘ಸಿಕ್ಸ್‌ಟೀನ್ ಟನ್ಸ್’ ಹಾಡನ್ನು 1955ರಲ್ಲಿ ದೇಶಕ್ಕೆಲ್ಲ ಕೇಳಿಸಿದ ಗಡಸು ಕಂಠ ಅವರದು. ಡಿಸೆಂಬರ್ 4ರಂದು ನೇಯೋಮಿ ಮತ್ತು ವಿನೋನಾ ಜಡ್ ಎಂಬ ತಾಯಿ ಮಗಳ ಜೋಡಿ ತಮ್ಮ ವಿದಾಯದ ಕಚೇರಿ ನಡೆಸಿತು. ಯಕೃತ್ತಿನ ಕಾಯಿಲೆಯಿಂದ ತಾಯಿಯ ದಿನಗಳು ಮುಗಿಯುತ್ತಿವೆ ಎಂದೇ ಆಗ ಎಲ್ಲರೂ ತಿಳಿದಿದ್ದರು. ನೇಯೋಮಿ ಆಮೇಲೆ ಮೂವತ್ತು ವರ್ಷ ಬದುಕಿ 2022ರಲ್ಲಿ ಕಣ್ಣುಮುಚ್ಚಿದಳು. ಅದೇ ಡಿಸೆಂಬರಿನಲ್ಲಿ ರಾಜಧಾನಿ ವಾಷಿಂಗ್‌ಟನ್ನಿನ ಕೆನಡಿ ಸೆಂಟರ್ ಗೌರವವನ್ನು 88 ವರ್ಷದ ರಾಯ್ ಏಕಫ್ ಸ್ವೀಕರಿಸಿದರು. ಗುಡ್ಡಗಾಡಿನವನೆಂದು ಕರೆಸಿಕೊಂಡೇ ವೃತ್ತಿ ಆರಂಭಿಸಿದ್ದ ಪಿಟೀಲುಗಾರ ಅವರು.

ಎಣಿಕೆ ಸರಿಯಾದುದರಿಂದ ನ್ಯಾಯ ಸಿಕ್ಕಿತು ಎನ್ನುವುದು ನಿಜ, ಆದರೆ ಪೂರ್ತಿ ನಿಜವಲ್ಲ. ವಾರವಾರದ ನಿಖರ ಅಂಕಿ ಕೈಗೆ ಬಂದಮೇಲೆ ಕಂಪೆನಿಗಳಿಗೆ ತಾಳ್ಮೆ ಕಡಿಮೆಯಾಯಿತು. ನಿಧಾನವಾಗಿ ಬೆಳೆಯಬಹುದಾದ ಗಾಯಕನಿಗೆ ಕಾಯುವ ಬದಲು, ದೊಡ್ಡ ಟೋಪಿ, ಬಿಗಿಯಾದ ಜೀನ್ಸ್ ತೊಟ್ಟ ಇನ್ನೊಬ್ಬ ಯುವಕನನ್ನು ಹುಡುಕುವುದು ಲಾಭದ ಕೆಲಸವಾಯಿತು. ರೇಡಿಯೊದವರೂ ಹಿರಿಯರ ಹಾಡುಗಳನ್ನು ಬದಿಗಿಟ್ಟರು. ಜಾನಿ ಕ್ಯಾಶ್‌ನ ‘ದಿ ಮಿಸ್ಟರಿ ಆಫ್ ಲೈಫ್’ ಇದೇ 1991ರಲ್ಲಿ ಬಂದು ಸದ್ದಿಲ್ಲದೆ ಮುಳುಗಿತು. ಅವನನ್ನು 1994ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದವನು ರಿಕ್ ರೂಬಿನ್, ರಾಪ್ ಮತ್ತು ರಾಕ್ ಆಲ್ಬಂಗಳ ನಿರ್ಮಾಪಕ, ನ್ಯಾಶ್‌ವಿಲ್ ಅಲ್ಲ. ಜಾರ್ಜ್ ಜೋನ್ಸ್ 1992ರಲ್ಲಿ, ಮುದುಕರ ತೂಗುಕುರ್ಚಿ ತನಗೆ ಬೇಡ ಎಂಬರ್ಥದ ಹಾಡೊಂದನ್ನು ಮುದ್ರಿಸಿದ. ಅದರಲ್ಲಿ ಹಿಂದಿನಿಂದ ದನಿಗೂಡಿಸಿದವರು ಬ್ರೂಕ್ಸ್, ಜಾಕ್ಸನ್ ಮೊದಲಾದ ಹೊಸಬರೇ. ಅವರ ಪ್ರೀತಿ ಪ್ರಾಮಾಣಿಕವಾಗಿಯೇ ಇತ್ತು. ರೇಡಿಯೊ ಬಗ್ಗಲಿಲ್ಲ.

ಯಂತ್ರ ಮುಟ್ಟಲಾಗದ ಇನ್ನೊಂದು ಸಂಗತಿಯೂ ಇತ್ತು. ಸೌಂಡ್‌ಸ್ಕ್ಯಾನ್ ಬಂದ ತಿಂಗಳೊಳಗೇ, 1991ರ ಜೂನ್ 22ರಂದು, ಲಾಸ್ ಏಂಜಲಿಸ್‌ನ ಕಪ್ಪು ಯುವಕರ ಎನ್.ಡಬ್ಲ್ಯು.ಎ. ಎಂಬ ರಾಪ್ ತಂಡದ ಆಲ್ಬಂ ಮುಖ್ಯ ಪಟ್ಟಿಯ ತುದಿ ಮುಟ್ಟಿತ್ತು. ರೇಡಿಯೊ ಅದನ್ನು ಹತ್ತಿರಕ್ಕೂ ಸೇರಿಸಿರಲಿಲ್ಲ. ಹಳೆಯ ಫೋನ್ ಪದ್ಧತಿಯಲ್ಲಿ ಲೆಕ್ಕ ತಪ್ಪುತ್ತಿದ್ದುದು ಈ ಎರಡು ಗುಂಪುಗಳದೇ: ನಗರದ ಕಪ್ಪು ಕೇರಿಗಳದು, ಹಳ್ಳಿಗಾಡಿನ ಬಿಳಿಯರದು. 1920ರ ದಶಕದ ಎರಡು ಸೂಚಿಪತ್ರಗಳ ವಾರಸುದಾರರು ಎಪ್ಪತ್ತು ವರ್ಷಗಳ ಮೇಲೆ ಒಂದೇ ಬೇಸಿಗೆಯಲ್ಲಿ, ಒಂದೇ ಯಂತ್ರದ ದೆಸೆಯಿಂದ, ಮುಖ್ಯ ಪಟ್ಟಿಯ ಮೆಟ್ಟಿಲಲ್ಲಿ ಎದುರುಬದುರಾದರು. ಆದರೆ ಸೂಚಿಪತ್ರಗಳ ನಡುವಿನ ಗೋಡೆ ಹಾಗೆಯೇ ಉಳಿಯಿತು. ಯಂತ್ರ ಪ್ರತಿಗಳನ್ನು ಎಣಿಸುತ್ತದೆ. ಯಾವ ಹಾಡು ಕಂಟ್ರಿ, ಯಾವುದು ಅಲ್ಲ ಎಂದು ಹೇಳುವವರು ಮನುಷ್ಯರೇ.

ಆ ಗೋಡೆಯ ಒಳಗೆ ಬಂದ ಕಪ್ಪು ಗಾಯಕರು ಇಲ್ಲವೆಂದಲ್ಲ. ಸುಮಾರು ಮೂವತ್ತು ಹಾಡುಗಳನ್ನು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿದ ಚಾರ್ಲಿ ಪ್ರೈಡ್ ಇದ್ದ. 1966ರಲ್ಲಿ ಅವನ ಮೊದಲ ಮುದ್ರಿಕೆಗಳನ್ನು ಕಂಪೆನಿ ರೇಡಿಯೊದವರಿಗೆ ಕಳಿಸಿದ್ದು ಫೋಟೊ ಇಲ್ಲದೆ. ಲಿಂಡಾ ಮಾರ್ಟೆಲ್ 1969ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ. ಒಂದೇ ಆಲ್ಬಂ ತಂದು ಮರೆಯಾದಳು. 2019ರ ಮಾರ್ಚ್‌ನಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಯುವಕನ ‘ಓಲ್ಡ್ ಟೌನ್ ರೋಡ್’ ಕಂಟ್ರಿ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೆ ಬಂದಾಗ ಬಿಲ್‌ಬೋರ್ಡ್ ಅದನ್ನು ಅಲ್ಲಿಂದ ತೆಗೆದುಹಾಕಿತು. ಅದರಲ್ಲಿ ಕಂಟ್ರಿಯ ಅಂಶ ಸಾಲದೆಂಬ ಕಾರಣ ಕೊಟ್ಟಿತು. ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಆ ಹಾಡು ಮುಂದೆ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು.

2024ರ ಏಪ್ರಿಲ್‌ನಲ್ಲಿ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’, 1964ರಿಂದ ನಡೆದುಬಂದ ಕಂಟ್ರಿ ಆಲ್ಬಂಗಳ ಪಟ್ಟಿಯ ತುದಿ ಮುಟ್ಟಿತು. ಆ ಜಾಗ ಮುಟ್ಟಿದ ಮೊದಲ ಕಪ್ಪು ಮಹಿಳೆ ಆಕೆ. ಎಂಬತ್ತು ದಾಟಿದ ಲಿಂಡಾ ಮಾರ್ಟೆಲ್‌ಳ ದನಿಯೂ ಅದರಲ್ಲಿದೆ. ಸೆಪ್ಟೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಪ್ರಶಸ್ತಿಗೆ ಸ್ಪರ್ಧಿಸುವವರ ಹೆಸರು ಪ್ರಕಟಿಸಿದಾಗ ಬಿಯಾನ್ಸೆಯ ಹೆಸರು ಒಂದು ವಿಭಾಗದಲ್ಲೂ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಕಂಟ್ರಿ ಆಲ್ಬಂನ ಗ್ರ್ಯಾಮಿ ಪ್ರಶಸ್ತಿ ಆಕೆಗೇ ಬಂತು.